ಮೂರು ಕೊಂಬಿನ ಡೈನೋಸಾರ್ ಮತ್ತು ಹುಣಸೆಹಣ್ಣು

ಡೈನೋಸಾರ್ ಬೊಂಬೆ ಕೂಡಿಸುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅಂಥವರು ಮನೆಗೆ ಬಂದು ನನ್ನ ಗಾಜಿನ ಬೀರುವಿನ ಮುಂದೆ ನಿಂತರೆ ಕೇಳುವುದು ಒಂದೇ ಪ್ರಶ್ನೆ: ಆರಿಸುವಾಗ ನೀವು ಮೊದಲು ಏನು ನೋಡುತ್ತೀರಿ? ಕೆಲವರು ಹಲ್ಲು ನೋಡುತ್ತಾರಂತೆ. ಕೆಲವರು ಚರ್ಮದ ಗೆರೆ. ಇನ್ನು ಕೆಲವರು ವಿಜ್ಞಾನದ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ಬಾಲ ನೆಲಕ್ಕೆ ತಾಗಿದೆಯೋ ಮೇಲಕ್ಕೆದ್ದಿದೆಯೋ ಎಂದು ಪರೀಕ್ಷೆ ಮಾಡುತ್ತಾರೆ. ನಾನು ಕಾಲು ನೋಡುತ್ತೇನೆ. ಮೇಜಿನ ಮೇಲಿಟ್ಟು, ಬೆರಳ ತುದಿಯಿಂದ ಮೇಜನ್ನು ಮೆಲ್ಲಗೆ ತಟ್ಟಿ, ನಿಂತಿದೆಯೇ ಎಂದು ನೋಡುತ್ತೇನೆ. ಈ ಅಭ್ಯಾಸ ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ಬಂದದ್ದು.

ಆಗ ನಾನು ನಂದಿದುರ್ಗ ಗಣಿಯ ಸರ್ವೆ ಆಫೀಸಿನಲ್ಲಿ ಟ್ರೇಸರ್. ನೆಲದ ಕೆಳಗಿನ ಸುರಂಗಗಳ ನಕ್ಷೆಯನ್ನು ತೆಳುವಾದ ಬಟ್ಟೆಯ ಮೇಲೆ ಶಾಯಿಯಲ್ಲಿ ನಕಲು ತೆಗೆಯುವುದು ನನ್ನ ಕೆಲಸ. ಗೆರೆ ಎಷ್ಟು ದಪ್ಪ, ಬಣ್ಣ ಎಷ್ಟು ತೆಳು, ಎಲ್ಲಕ್ಕೂ ನಿಯಮವಿತ್ತು. ಮನೆಯಲ್ಲೂ ಹಾಗೆಯೇ. ಗಣಿಯ ಶಿಫ್ಟಿನ ಸೈರನ್ ಕೂಗು ಆಗುವುದಕ್ಕೆ ಮೊದಲು ಅಪ್ಪ ಎದ್ದಿರುತ್ತಿದ್ದರು, ಕೂಗು ನಿಲ್ಲುವಷ್ಟರಲ್ಲಿ ನಾನು ಹಾಸಿಗೆ ಮಡಿಚಿರಬೇಕು. ಇಂದಿಗೂ ಕೂಗಿಲ್ಲದ ಊರಿನಲ್ಲಿ ಅದೇ ಹೊತ್ತಿಗೆ ಏಳುತ್ತೇನೆ.

ಆಳದಲ್ಲಿ ಬಂಡೆ ಒಮ್ಮೊಮ್ಮೆ ತನ್ನಷ್ಟಕ್ಕೆ ತಾನೇ ಸಿಡಿಯುತ್ತಿತ್ತು. ಮೇಲೆ ನಮ್ಮ ಕಾರ್ಮಿಕರ ಲೈನಿನ ಮನೆಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ ಒಮ್ಮೆ ಅಲುಗಿ ಸುಮ್ಮನಾಗುತ್ತಿದ್ದವು. ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಹೆಂಗಸರು ಹೊರಗೆ ಬಂದು ಸೆರಗು ಹಿಡಿದು, ಗಣಿಗೆ ಇಳಿಯುವ ಶಾಫ್ಟಿನ ಕಡೆ ನೋಡುತ್ತ ನಿಲ್ಲುತ್ತಿದ್ದರು. ಕೆಳಗಿರುವವರು ಕ್ಷೇಮ ಎಂಬ ಸುದ್ದಿ ಬಂದ ಮೇಲೆ ಒಳಗೆ ಹೋಗಿ ಬಿದ್ದದ್ದನ್ನು ಎತ್ತಿಡುವುದು. ನನ್ನ ಬೊಂಬೆಗಳ ಹಲಗೆಯ ಮೇಲೆ ನಿಂತವು ಯಾವುವು, ಬಿದ್ದವು ಯಾವುವು ಎಂದು ನೋಡಿ ನೋಡಿಯೇ ನಾನು ಬೊಂಬೆಯ ಯೋಗ್ಯತೆ ಅಳೆಯುವುದನ್ನು ಕಲಿತೆ.

ಆ ಬೊಂಬೆಗಳು ಸಿಕ್ಕಿದ್ದು ಹರಾಜಿನಲ್ಲಿ. ಗಣಿ ಸರ್ಕಾರದ ಕೈಗೆ ಬಂದ ಕಾಲ. ಬಂಗಲೆಗಳ ದೊರೆಗಳು ಒಬ್ಬೊಬ್ಬರಾಗಿ ಇಂಗ್ಲೆಂಡಿಗೆ ಹೊರಡುತ್ತಿದ್ದರು. ಹೊರಡುವ ಮುಂಚೆ ಕುರ್ಚಿ, ಪಿಂಗಾಣಿ, ನಾಯಿಯ ಸರಪಳಿ ಎಲ್ಲವನ್ನೂ ಹುಲ್ಲಿನ ಮೇಲೆ ಹರಡಿ ಮಾರುತ್ತಿದ್ದರು. ಒಂದು ಬಿಸ್ಕತ್ತಿನ ಡಬ್ಬದೊಳಗೆ ಐದು ಸೀಸದ ಪ್ರಾಣಿಗಳಿದ್ದವು. ನಾನು ಕೂಗಿದೆ, ನನ್ನ ಹಿಂದಿನಿಂದ ಇನ್ನೊಬ್ಬರು ಕೂಗಿದರು. ಕೊನೆಗೆ ಡಬ್ಬ ನನ್ನ ಕೈಗೆ ಬಂತು. ಗೇಟಿನ ಹತ್ತಿರ ಟೋಪಿ ಹಾಕಿದ ಎತ್ತರದ ಮನುಷ್ಯರೊಬ್ಬರು ನನ್ನನ್ನು ನಿಲ್ಲಿಸಿದರು.

"ಎನ್ನಾ ಮ್ಯಾನ್, ಅದ್ರೊಳಗೆ ಮೂರು ಕೊಂಬಿಂದು ಇದ್ಯಾ?"

ಇತ್ತು. ಹಸಿರು ಮೈ, ಕತ್ತಿನ ಸುತ್ತ ಬೀಸಣಿಗೆಯಂಥ ಮೂಳೆ, ಹಳದಿ ಕೊಂಬು ಮೂರು. ನಾಲ್ಕು ಗಿಡ್ಡ ಕಾಲು ಊರಿ, ಯಾರಿಗೂ ದಾರಿ ಬಿಡುವುದಿಲ್ಲ ಎಂಬಂತೆ ನಿಂತಿತ್ತು. ಅವರು ಬಂಗಾರಪೇಟೆಯ ರೈಲ್ವೆ ಕಾಲೊನಿಯಲ್ಲಿದ್ದ ಆಂಗ್ಲೋ-ಇಂಡಿಯನ್, ನಿವೃತ್ತ ಗಾರ್ಡ್. ಅದೇ ಅಚ್ಚಿನ ಆರು ಪ್ರಾಣಿಗಳು ಅವರಲ್ಲಿದ್ದವು. ಮೂರು ಕೊಂಬಿನದೊಂದೇ ಇಲ್ಲ.

ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗಿನ ರೈಲು ಹತ್ತಿ ಅವರ ಮನೆಗೆ ಹೋಗುವುದು ನನ್ನ ಕ್ರಮವಾಯಿತು. ಅವರ ಪ್ರಾಣಿಗಳ ನಡುವೆ ಒಂದಿತ್ತು: ಉದ್ದ ಕತ್ತಿನದು. ಬೂದು ಬಣ್ಣ. ತಲೆ ತಿರುಗಿಸಿ ತನ್ನ ಬಾಲವನ್ನೇ ನೋಡುತ್ತಿರುವ ಹಾಗೆ ಮಾಡಿದ್ದರು. ಚಳಿಗಾಲದ ಬೆಳಿಗ್ಗೆ ಚಿನ್ನ ತೆಗೆದು ಉಳಿದ ಮಣ್ಣಿನ ನಮ್ಮ ಸೈನೈಡ್ ದಿಬ್ಬಗಳ ಮೇಲೆ ಮಂಜು ಕೂತು, ಸೂರ್ಯ ಇನ್ನೂ ಬರದೆ, ದಿಬ್ಬದ ಬೆನ್ನು ಮಾತ್ರ ಬೂದು ಬಣ್ಣವಾಗಿ ಕಾಣುವಾಗ, ಏನೋ ಒಂದು ದೊಡ್ಡದು ಅಲ್ಲಿ ಮಲಗಿ ಉಸಿರಾಡುತ್ತಿದೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಅದರ ಮುಖ ಮೊದಲ ಬಾರಿ ನೋಡಿದ್ದು ಆ ಕಾಲೊನಿಯ ಕಿಟಕಿಯಲ್ಲಿ.

ಗಾರ್ಡ್ ನನ್ನ ಕಾಲಿನ ಪರೀಕ್ಷೆಗೆ ನಗುತ್ತಿದ್ದರು. "ಅದು ಮೈನ್ಸ್ ಬುದ್ಧಿ. ಬಿದ್ರೆ ಎತ್ತಿ ಇಡ್ಬಹುದು ಮ್ಯಾನ್. ಬಣ್ಣ ಹೋದ್ರೆ ಎಲ್ಲಿಂದ ತರ್ತೀಯ?"

"ಬಿದ್ರೆ ಕೊಂಬು ಮುರಿಯುತ್ತೆ ಸಾರ್."

"ಕೊಂಬು ಮುರಿದ್ರೂ ತಗೋತೀನಿ. ಬಣ್ಣ ಮುಟ್ಟಿದ್ರೆ ತಗೊಳಲ್ಲ."

ಎರಡು ವರ್ಷ ಹೀಗೇ ಹೋಯಿತು. ಅವರೂ ಕೊಡಲಿಲ್ಲ, ನಾನೂ ಕೊಡಲಿಲ್ಲ. ಆಮೇಲೆ ಒಂದು ಭಾನುವಾರ ಅವರ ಮನೆಯ ಗೋಡೆಗಳು ಬೋಳಾಗಿದ್ದವು. ಆಸ್ಟ್ರೇಲಿಯಾದಲ್ಲಿದ್ದ ಮಗಳು ಕರೆಸಿಕೊಳ್ಳುತ್ತಿದ್ದಳು. ಅವರೇ ಬಾಯಿ ಬಿಟ್ಟರು. "ಮುಂದಿನ ತಿಂಗಳು ನಿನ್ನ ಮೂರು ಕೊಂಬು ತಾ. ಉದ್ದ ಕತ್ತು ತಗೊಂಡೋಗು. ಮಾರನೇ ದಿನ ಮದ್ರಾಸ್ ಮೇಲ್. ಆಮೇಲೆ ಹಡಗು." ಅದೊಂದೇ ಭಾನುವಾರ ನನಗಿದ್ದ ಅವಕಾಶ. ಅಂಥ ಪ್ರಾಣಿ ಇನ್ನೆಲ್ಲಿ ಸಿಗಬೇಕು? ನಾನು ದಿನ ಎಣಿಸತೊಡಗಿದೆ.

ಆ ಭಾನುವಾರಕ್ಕೆ ಐದು ದಿನ ಮುಂಚೆ ಆಯುಧಪೂಜೆ.

ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆ ನಡೆಸುತ್ತಿದ್ದವರು ನನ್ನ ಸೋದರತ್ತೆ. ಕಾಮಸಮುದ್ರದ ಕಡೆಯ ಹಳ್ಳಿಯವರು. ಮನೆಯಲ್ಲಿ ಲೋಹ ಎಂಬುದು ಯಾವುದಿದ್ದರೂ ಆಯುಧಪೂಜೆಯ ಹಿಂದಿನ ದಿನ ಅದು ಅವರ ಕೈಯಲ್ಲಿ ಹೊಳೆಯಲೇಬೇಕು. ದೀಪದ ಕಂಬ, ತಂಬಿಗೆ, ಅಪ್ಪನ ಗಣಿಯ ದೀಪ, ಅಡಕೆ ಕತ್ತರಿ ಎಲ್ಲವನ್ನೂ ಕೊಳೆ ಬಿಡಿಸುವ ಚೌಳು ಮಣ್ಣು ಹಾಕಿ ಕಾಯಿಸಿದ ನೀರಿನಲ್ಲಿ ನೆನೆಹಾಕಿ, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಚ್ಚಿ, ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದರು. ಸಂಜೆ ಆಫೀಸಿನಿಂದ ಬಂದಾಗ ಅಂಗಳದಲ್ಲಿ ಬಿಸಿಲಿಗೆ ಒಣಗಲಿಟ್ಟ ಸಾಲಿನಲ್ಲಿ, ತಂಬಿಗೆಗೂ ದೀಪಕ್ಕೂ ನಡುವೆ, ಏನೋ ಒಂದು ಬಿಳಿಚಿಕೊಂಡು ನಿಂತಿತ್ತು. ಮೂರು ಕೊಂಬಿತ್ತು. ಬಣ್ಣವಿರಲಿಲ್ಲ.

"ಅತ್ತೆ, ಇದನ್ಯಾಕೆ ಮುಟ್ಟಿದ್ರಿ?"

"ಅಯ್ಯೋ, ಅದೆಂಥ ಕಿಲುಬ್ಲಾ ಅದು! ಮೈಯೆಲ್ಲಾ ಅಸ್ರು ಕಟ್ಕೊಂಡಿತ್ತು. ಎಳ್ಡು ಸಲ ಬಿಸಿನೀರ್ಗಾಕಿ ಉಜ್ದೆ. ಕೈಯೆಲ್ಲಾ ಬೊಬ್ಬೆ ಬಂತು ನೋಡು."

"ಕಿಲುಬಲ್ಲ ಅತ್ತೆ, ಅದು ಬಣ್ಣ."

"ಏ, ನಂಗೇನ್ ಕಿಲುಬು ಗೊತ್ತಿಲ್ವೇನ್ಲಾ? ಅಸ್ರಗಿರೋದೆಲ್ಲಾ ಕಿಲುಬೇ ಕಣ್ಲಾ. ಒಳ್ಗೆ ಇತ್ತಾಳೆ ಇರ್ತದೆ ಅಂತ ನೋಡಿದ್ರೆ ಬರೀ ಸೀಸ. ನಿನ್ನ ಓತಿಕ್ಯಾತ ಮಾರಿದೋನು ನಿಂಗೆ ಮೋಸ ಮಾಡವ್ನೆ, ಓಗಿ ಕೇಳು."

ಅವರ ಬೆರಳುಗಳು ನಿಜಕ್ಕೂ ಕೆಂಪಾಗಿದ್ದವು. ಹುಣಸೆಹಣ್ಣಿನ ಹುಳಿ ಬಿರುಕುಗಳಲ್ಲಿ ಇಳಿದಿತ್ತು. ಬೈಯಲು ಹೊರಟವನು ಒಳಗಿನಿಂದ ಕೊಬ್ಬರಿ ಎಣ್ಣೆ ತಂದು ಅವರ ಮುಂದಿಟ್ಟೆ. ಮಾರನೆಯ ದಿನ ಆ ಪ್ರಾಣಿಯ ಹಣೆಗೂ ಕುಂಕುಮ ಬಿತ್ತು.

ವಿಜಯದಶಮಿಯ ಮರುದಿನ ಅದನ್ನು ಕರವಸ್ತ್ರದಲ್ಲಿ ಸುತ್ತಿ ಆಫೀಸಿಗೆ ಒಯ್ದೆ. ಬಾಗಿಲುಗಳಿಗೆ ಬಳಿದು ಉಳಿದಿದ್ದ ಹಸಿರು ಎನಾಮಲ್ ಬಣ್ಣ ಪೇಂಟರನಿಂದ ಒಂದು ಬೆಂಕಿಪೊಟ್ಟಣದಷ್ಟು ಸಿಕ್ಕಿತು. ಅದಕ್ಕೆ ಒಂದು ತೊಟ್ಟು ಕಪ್ಪು, ಕೊಂಬಿಗೆ ಹಳದಿ. ಊಟದ ಬಿಡುವಿನಲ್ಲಿ ಕೂತು ಬಳಿದೆ. ಕೂದಲಿನಷ್ಟು ಸಣ್ಣ ಗೆರೆ ಎಳೆಯುವುದೇ ನನ್ನ ಉದ್ಯೋಗವಾಗಿತ್ತಲ್ಲ, ಪ್ರತಿ ಕೊಂಬಿಗೂ ಬ್ರಷ್ಷನ್ನು ಒಂದೇ ಸಲ ಎಳೆದೆ. ಕಿಟಕಿಯ ಬಿಸಿಲಿನಲ್ಲಿ ಎರಡು ದಿನ ಒಣಗಿಸಿದೆ. ಹೊಸತನ ಹೋಗಲೆಂದು ಕಾಫಿ ಡಿಕಾಕ್ಷನ್‌ಗೆ ಬೂದಿ ಬೆರೆಸಿ ಬಟ್ಟೆಯಲ್ಲಿ ಒರೆಸಿದೆ. ಶನಿವಾರ ಸಂಜೆ ನೋಡಿದರೆ ಅದು ಹಿಂದಿನದೇ. ನನಗೇ ಅನುಮಾನ ಬಂತು, ಅತ್ತೆ ಉಜ್ಜಿದ್ದು ನಾನು ಕಂಡ ಕನಸೇನೋ ಎಂದು.

ಭಾನುವಾರ ಮೂರು ಕೊಂಬನ್ನು ಬುತ್ತಿ ಡಬ್ಬದಲ್ಲಿಟ್ಟುಕೊಂಡು ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ಎದೆ ಹಗುರವಾಗಿತ್ತು. ರೈಲು ನಿಧಾನ. ಹೊಗೆ ಕಿಟಕಿಯೊಳಗೆ ಬಂದು ಸುತ್ತಾಡಿ ಹೋಗುತ್ತಿತ್ತು. ದಿಬ್ಬಗಳು ಹಿಂದೆ ಸರಿದು, ಬಂಡೆಗಳು ಬಂದು, ರಾಗಿ ಹೊಲಗಳು ಬಂದು, ಎಲ್ಲವೂ ನೀರಿನೊಳಗಿಂದ ನೋಡಿದ ಹಾಗಿತ್ತು. ವಾಪಸು ಬರುವಾಗ ಈ ಬುತ್ತಿ ಡಬ್ಬದಲ್ಲಿ ಉದ್ದ ಕತ್ತು ಸುರುಳಿ ಸುತ್ತಿ ಮಲಗಿರುತ್ತದೆ ಎಂದುಕೊಂಡೆ. ಯಾರಿಗೂ ಏನೂ ಕಡಿಮೆಯಾಗುವುದಿಲ್ಲ ಎಂದೂ ಅಂದುಕೊಂಡೆ.

ಗಾರ್ಡ್ ಮನೆಯಲ್ಲಿ ಪೆಟ್ಟಿಗೆಗಳು ಸಾಲಾಗಿದ್ದವು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿತ್ತು. "ಬಾ ಮ್ಯಾನ್, ಶೂ ಬಿಚ್ಬೇಡ. ಈ ಮನೆ ಇನ್ನು ನಂದಲ್ಲ." ಮೂರು ಕೊಂಬನ್ನು ಕೈಗೆ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದರು. ಅವರ ಒಂದು ಕಣ್ಣಿಗೆ ಪೊರೆ ಬರುತ್ತಿತ್ತು. ಇನ್ನೊಂದರ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಅಚ್ಚುಕಟ್ಟು," ಎಂದರು. ಆಮೇಲೆ ಉದ್ದ ಕತ್ತನ್ನು ತಂದು ನನ್ನ ಅಂಗೈಯಲ್ಲಿಟ್ಟರು.

ನಾನು ಎಣಿಸಿದ್ದಕ್ಕಿಂತ ಭಾರವಿತ್ತು. ತಣ್ಣಗಿತ್ತು. ಅದರ ಬೆನ್ನಿನ ಮೇಲೆ ಬೆರಳಾಡಿಸಿದರೆ ಆ ಬೆಳಗಿನ ಮಂಜನ್ನೇ ಮುಟ್ಟಿದ ಹಾಗೆ.

ಅವರು ಮೂರು ಕೊಂಬನ್ನು ಇನ್ನೂ ನೋಡುತ್ತಲೇ ಇದ್ದರು. "ನಾನು ಬಣ್ಣ ಬಣ್ಣ ಅಂತ ಯಾಕೆ ಸಾಯ್ತೀನಿ ಗೊತ್ತಾ? ಫ್ಯಾಕ್ಟ್ರೀಲಿ ಯಾರೋ ಒಬ್ಬ ಹುಡುಗಿ ಕೂತ್ಕೊಂಡು ದಿನಕ್ಕೆ ನೂರು ಬೊಂಬೆಗೆ ಬಳಿದಿರ್ತಾಳೆ. ಈ ಕೊಂಬು ನೋಡು. ಒಂದೇ ಸಲ ಬ್ರಷ್ ಎಳ್ದಿದಾಳೆ. ಅವಳು ಎಲ್ಲಿದಾಳೋ, ಸತ್ತೇ ಹೋದಳೋ. ಆ ಕೈ ಮಾತ್ರ ಇಲ್ಲಿದೆ ಮ್ಯಾನ್. ನನಗೆ ಬೇಕಾದ್ದು ಆ ಕೈ."

ಹೊರಗೆ ಶಂಟಿಂಗ್ ಎಂಜಿನ್ ಒಮ್ಮೆ ಕೂಗಿತು. ಅದು ನಿಲ್ಲುವವರೆಗೂ ನಾನು ಕಾದೆ.

"ಸಾರ್, ಅದು ನನ್ನ ಕೈ."

ಅವರಿಗೆ ಅರ್ಥವಾಗಲಿಲ್ಲ. ನಾನು ಕ್ರಮವಾಗಿ ಹೇಳಿದೆ: ಆಯುಧಪೂಜೆ, ಬಿಸಿನೀರು, ಹುಣಸೆಹಣ್ಣು, ಕಿಲುಬು, ಎನಾಮಲ್, ಡಿಕಾಕ್ಷನ್. ಕಿಲುಬಿನ ಮಾತಿಗೆ ಅವರ ಮೀಸೆ ಅಲುಗಿತು. ಒಳಗೆ ಹಿತ್ತಾಳೆ ಸಿಗದೆ ಅತ್ತೆ ಸಿಟ್ಟಾದದ್ದನ್ನು ಹೇಳಿದಾಗ ಕುರ್ಚಿಯಲ್ಲಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕೆಮ್ಮಿದರು. ಕೆಮ್ಮು ನಿಂತ ಮೇಲೆ ಅಂಗೈ ಚಾಚಿದರು.

"ನಗು ಬೇರೆ, ಬದ್ಲಾಯ್ಸೋದು ಬೇರೆ ಮ್ಯಾನ್."

ಉದ್ದ ಕತ್ತನ್ನು ಅವರ ಅಂಗೈಯಲ್ಲಿಟ್ಟೆ. ಇಡುವಾಗ ನನ್ನ ಬೆರಳುಗಳು ಒಂದೊಂದಾಗಿ ಬಿಟ್ಟುಕೊಟ್ಟವು. ಅವರು ಮೂರು ಕೊಂಬನ್ನು ನನಗೆ ಹಿಂದಕ್ಕೆ ಕೊಟ್ಟು, ತಮ್ಮದನ್ನು ಹಳೆಯ ಮಫ್ಲರಿನಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದರು. ಆಮೇಲೆ ಚಹಾ ಕೊಟ್ಟರು. ನಾನು ಹೊರಡುವಾಗ ಗೇಟಿನವರೆಗೆ ಬಂದು, "ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ," ಎಂದರು. ಹೊಗಳಿದ್ದೋ ದೂರಿದ್ದೋ ಇವತ್ತಿಗೂ ತಿಳಿಯದು. ನನ್ನ ಹೆಗಲ ಮೇಲೆ ಕೈಯಿಟ್ಟು, ಇಟ್ಟದ್ದನ್ನು ತಟ್ಟನೆ ತೆಗೆಯಲಿಲ್ಲ ಎಂಬುದು ಮಾತ್ರ ನೆನಪಿದೆ.

ಸೋಮವಾರ ಮಧ್ಯಾಹ್ನ, ಅವರ ರೈಲು ಹೋಗಿರಬಹುದಾದ ಹೊತ್ತಿಗೆ, ನಾನು ಮೇಜಿನ ಮುಂದಿದ್ದೆ. ನಮ್ಮ ಆಫೀಸಿನಲ್ಲಿ ಒಂದು ನಿಯಮವಿತ್ತು: ಹಳೆಯ ನಕ್ಷೆಯಲ್ಲಿ ಯಾವುದನ್ನೇ ತಿದ್ದಿದರೂ ತಿದ್ದಿದವನು ಮೂಲೆಯಲ್ಲಿ ತಾರೀಖು ಹಾಕಿ ಸಣ್ಣ ರುಜು ಮಾಡಬೇಕು. ಗಣಿಯಲ್ಲಿ ಇಳಿಯುವವನು ಆ ಗೆರೆಯನ್ನು ನಂಬಿ ಹೆಜ್ಜೆ ಇಡುತ್ತಾನೆ. ಅದು ಯಾರ ಗೆರೆ ಎಂದು ಅವನಿಗೆ ಗೊತ್ತಿರಬೇಕು. ಮೂರು ಕೊಂಬನ್ನು ತಲೆಕೆಳಗು ಮಾಡಿ, ಹೊಟ್ಟೆಯ ಮೇಲೆ, ಅತಿ ಸಣ್ಣ ನಿಬ್ಬಿನಲ್ಲಿ "ಮರುಬಣ್ಣ" ಎಂದು ಬರೆದು ತಾರೀಖು ಹಾಕಿ ರುಜು ಮಾಡಿದೆ. ಶಾಯಿ ಎನಾಮಲ್ ಮೇಲೆ ನಿಲ್ಲದೆ ಜಾರಿತು. ಒರೆಸಿ ಎರಡನೆಯ ಸಲ ಬರೆದೆ, ಆಗ ನಿಂತಿತು.

ಉದ್ದ ಕತ್ತಿನದು ನನಗೆ ಮತ್ತೆ ಸಿಗಲಿಲ್ಲ.