ಅವ್ವನ ಉಳ್ಳಾಗಡ್ಡಿ ಉಪಚಾರ

ಹೊನವಾಡದ ನಮ್ಮ ಹೊಲದಾಗ ನಡುಮಧ್ಯಾಹ್ನ ಯಾರಾದರೂ ಬಿಸಿಲಿನಾಗ ಅಂಗಾತ ಮಲಗಿದ್ದರೆ ಒಂದೇ ಅರ್ಥ: ಬಿಸಿಲು ಬಡಿದು ಬಿದ್ದಾರ. ಗೋವಾದ ರೆಸಾರ್ಟಿಗೆ ಅವ್ವನನ್ನು ಕರಕೊಂಡು ಹೋಗುವಾಗ ನಾನು ಇದನ್ನು ನೆನಪಿಡಬೇಕಿತ್ತು.

ಮಕ್ಕಳು ಸಮುದ್ರದ ದಂಡಿಗೆ ಆಡುತ್ತಿದ್ದರು. ನಾನು, ನನ್ನ ಹೆಂಡತಿ ತೆಂಗಿನ ನೆರಳಿಗೆ ಕಣ್ಣು ಮುಚ್ಚಿದ್ದೆವು. ಕಣ್ಣು ಬಿಟ್ಟರೆ ಪಕ್ಕದಾಗ ಅವ್ವ ಇಲ್ಲ. ದೂರದಾಗ, ಉಸುಕಿನ ಮೇಲೆ ಚಡ್ಡಿಯಲ್ಲಿ ಮಲಗಿದ್ದ ನನ್ನ ವಾರಿಗೆಯ ಒಬ್ಬ ವಿದೇಶಿಯ ನೆತ್ತಿಗೆ ಹಸಿ ಟವೆಲ್ ಹಾಕಿ, ಉಳ್ಳಾಗಡ್ಡಿ ಗುದ್ದಿ ಒಡೆದು ಅವನ ಮೂಗಿಗೆ ಹಿಡಿದಿದ್ದಳು. ಆತ ದಡಕ್ಕನೆ ಎದ್ದು ಕುಂತ.

"ಎಚ್ಚರಾದ ನೋಡ!" ಅಂದಳು ಅವ್ವ.

ನಾನು ಓಡಿಹೋಗಿ ಬಂದಷ್ಟು ಇಂಗ್ಲಿಷಿನಾಗ ಕ್ಷಮೆ ಕೇಳಿದೆ. ಆತ ಬಿದ್ದು ಬಿದ್ದು ನಕ್ಕ.

"ಯವ್ವಾ, ಅವ್ರು ಬೇಕಂತನ ಬಿಸಲಾಗ ಮಲಗ್ತಾರ."

"ಬೇಕಂತ ಯಾರರ ಮಲಗ್ತಾರೇನೋ? ಸುಮ್ನಿರು."

ಅವನ ಕೈ ಹಿಡಿದು ನೆರಳಿಗೆ ತಂದು ಕೂಡಿಸಿ, ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಅದೇ ಉಳ್ಳಾಗಡ್ಡಿ ಕಡಿದುಕೊಂತ ಆತ ಮೂರು ರೊಟ್ಟಿ ಮುಗಿಸಿದ.

ಅವ್ವ ನನ್ನ ಕಿವಿಯ ಹತ್ತಿರ ಬಾಗಿದಳು.

"ನೀ ಹೇಳಿದ್ದು ಖರೇ ಐತಿ ನೋಡಪಾ. ಬಿಸಲ ಬಡದಿದ್ದಿಲ್ಲ. ಪಾಪ, ಹಸದ ಬಿದ್ದಿದ್ದ."