ನಟ್ಟು ಬಿಗಿಯುವ ಮುಂಚೆ

ವಿಶ್ವವಿದ್ಯಾಲಯದ ಮೈಕ್ರೋವೇವ್ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಟೆಕ್ನಿಷಿಯನ್ ಹೆಂಗಸನ್ನು ಎಲ್ಲರೂ ಸ್ಕ್ರೂ ಅಕ್ಕ ಎನ್ನುತ್ತಿದ್ದರು. ಮೊಬೈಲ್ ಟವರಿನ ಫಿಲ್ಟರ್ ಡಬ್ಬಿಗಳನ್ನು ಹದಕ್ಕೆ ತರುವುದು ಅವಳ ಕಸುಬು. ಬೇಕಾದ ರೇಡಿಯೊ ಅಲೆಯನ್ನು ಒಳಬಿಟ್ಟು ಬೇಡದ್ದನ್ನು ತಡೆಯುವ ಡಬ್ಬಿ ಅದು. ಮೇಲೆ ಹನ್ನೆರಡು ಸ್ಕ್ರೂ, ಒಂದೊಂದಕ್ಕೂ ಒಂದು ನಟ್ಟು. ಸ್ಕ್ರೂ ತಿರುಗಿಸಿದಂತೆ ಅಳತೆಯಂತ್ರದ ಪರದೆಯ ಮೇಲಿನ ಗೆರೆ ಸರಿಯುತ್ತದೆ. ಗೆರೆ ಗುರುತಿಗೆ ಬಂತೆಂದು ಹಿಗ್ಗಿ ನಟ್ಟು ಬಿಗಿದಿರೋ, ಕೆಟ್ಟಿರಿ: ನಟ್ಟು ಸ್ಕ್ರೂವನ್ನು ಕೂದಲೆಳೆಯಷ್ಟು ಮೇಲಕ್ಕೆಳೆದು ಗೆರೆಯನ್ನು ಬಲಕ್ಕೆ ಓಡಿಸುತ್ತದೆ. ಅದಕ್ಕೇ ಅಕ್ಕ ಬೇಕೆಂದೇ ಗೆರೆಯನ್ನು ಎಡಕ್ಕೆ ತಪ್ಪಿಸಿ ನಿಲ್ಲಿಸಿ, ಆಮೇಲೆ ಬಿಗಿಯುತ್ತಿದ್ದಳು. ಎಷ್ಟು ತಪ್ಪಿಸಬೇಕೆಂದು ಯಾವ ಪುಸ್ತಕವೂ ಅವಳಿಗೆ ಹೇಳಲಿಲ್ಲ. ನೂರಾರು ಡಬ್ಬಿ ಕೆಡಿಸಿ ಬೆರಳು ಕಲಿತದ್ದು. ಕೇಳಿದವರಿಗೆಲ್ಲ ಹೇಳಿಕೊಟ್ಟಳು.

ಆ ವರ್ಷ ಕಂಪನಿಯೊಂದು ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿತು. ಜಂಟಿ ಸಂಶೋಧನಾ ಕೇಂದ್ರ ಎಂಬ ಬೋರ್ಡು ಬಂತು, ಹೊಸ ಅಳತೆಯಂತ್ರ ಬಂತು, ಬಾಗಿಲು ತೆರೆಯಲು ಕಾರ್ಡು ಬಂತು. ವಿದ್ಯಾರ್ಥಿಗಳಿಗೆ ಕಾರ್ಡು ಸಿಗಲಿಲ್ಲ. ಕಂಪನಿಯವರು ಮೂರು ದಿನ ಅಕ್ಕನ ಕೈಯ ವಿಡಿಯೊ ಹಿಡಿದರು. "ನಿಮ್ಮಂಥವರು ಸಿಗಲ್ಲ ಮೇಡಂ" ಎಂದು ಬೆಣ್ಣೆ ಹಚ್ಚಿದರು. ತಿಂಗಳೊಳಗೆ ವಿಭಾಗದ ಮುಖ್ಯಸ್ಥ ಅವಳನ್ನು ಕರೆಸಿ ಒಂದು ಕಾಗದ ಮುಂದಿಟ್ಟ. ಇದೇ ವಿಭಾಗದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅಕ್ಕನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಕಲಿತವನೇ ಅವನು.

"ಏನ್ ಸಾರ್ ಇದು?"

"ನಟ್ಟು ಬಿಗಿಯೋ ವಿಧಾನ ಇನ್ಮೇಲೆ ಕಂಪನೀದು. ಹೊರಗಿನವರಿಗೆ ತೋರಿಸಲ್ಲ ಅಂತ ಒಂದು ಸಹಿ, ಅಷ್ಟೇ."

"ಹೊರಗಿನವರು ಅಂದ್ರೆ?"

"ಸ್ಟೂಡೆಂಟ್ಸೂ ಸೇರ್ತಾರೆ."

"ನೀವೂ ಹೊರಗಿನವರೇ ಆಗಿದ್ರಿ ಸಾರ್, ಆಗ. ಸ್ಕ್ರೂಡ್ರೈವರ್ ಹಿಡಿಯೋಕೂ ಬರ್ತಿರಲಿಲ್ಲ."

ಅವನ ಕಿವಿ ಕೆಂಪಾಯಿತು. "ಹಠ ಬೇಡಕ್ಕಾ. ನಾಲ್ಕು ಗಂಟೆಯೊಳಗೆ ಸಹಿ ಹಾಕಿ. ಇಲ್ಲಾಂದ್ರೆ ನಿಮ್ಮನ್ನ ಸ್ಟೋರಿಗೆ ಹಾಕ್ತಾರೆ."

ಕಟ್ಟಡ ಜನರ ದುಡ್ಡಿನದು, ಕರೆಂಟು ಜನರ ದುಡ್ಡಿನದು, ಬೆರಳು ಅಕ್ಕನದು. ಮೂರು ದಿನ ಕ್ಯಾಮೆರಾ ಹಿಡಿದವನು ಯಜಮಾನ! ಅಕ್ಕ ಕಾಗದವನ್ನು ಅಲ್ಲೇ ಬಿಟ್ಟು ಲ್ಯಾಬಿಗೆ ಬಂದಳು. ಮೂಲೆಗೆ ತಳ್ಳಿದ್ದ ಹಳೆಯ ಯಂತ್ರವನ್ನು ಗಾಲಿಮೇಜಿನ ಸಮೇತ ಕಾರಿಡಾರಿಗೆ ದಬ್ಬಿದಳು, ಡಬ್ಬಿ ಜೋಡಿಸಿದಳು, ತರಗತಿಗಳ ಬಾಗಿಲು ಬಡಿದು ವಿದ್ಯಾರ್ಥಿಗಳನ್ನು ಕರೆದಳು.

"ಫೋನ್ ಒಳಗಿಡ್ರಪ್ಪ. ಕೈ ಹೊರಗೆ ತೆಗೀರಿ. ಒಬ್ಬೊಬ್ಬರೇ ಬನ್ನಿ."

ಮೊದಲು ಬಂದ ಹುಡುಗಿ ಗೆರೆಯನ್ನು ಗುರುತಿಗೆ ತಂದು, "ಸರಿಯಾಗೇ ಇದೆಯಲ್ಲ ಅಕ್ಕಾ" ಎಂದಳು.

"ಬಿಗಿದು ನೋಡು ತಾಯಿ."

ಬಿಗಿದಳು. ಗೆರೆ ಬಲಕ್ಕೆ ಓಟ ಕಿತ್ತಿತು. ಕಾರಿಡಾರೆಲ್ಲ ನಕ್ಕಿತು.

"ನಗೋರೂ ಬರ್ರಿ, ನಿಮ್ಮ ಬಂಡವಾಳಾನೂ ನೋಡೋಣ. ನೀನು ಬಿಚ್ಚಿ, ಎಡಕ್ಕೆ ತಪ್ಪಿಸು. ಇನ್ನೂ. ಸಾಕು. ಈಗ ಬಿಗಿ."

ಗೆರೆ ಬಂದು ಗುರುತಿನ ಮೇಲೆ ಕೂತಿತು.

ನಾಲ್ಕು ಗಂಟೆಗೆ ಮುಖ್ಯಸ್ಥ ಬರುವಷ್ಟರಲ್ಲಿ ಮೂವತ್ತೊಂದು ಜನರ ಬೆರಳಿಗೆ ಆ ಲೆಕ್ಕ ಹತ್ತಿತ್ತು. ಅವನು ಕಾಗದ ಚಾಚಿದ. ಅಕ್ಕ ಕೈ ಒರೆಸಿಕೊಳ್ಳುತ್ತ, "ಹಾಕಲ್ಲ ಸಾರ್" ಎಂದಳು.

ಮರುದಿನವೇ ಸ್ಟೋರಿಗೆ ಹಾಕಿದರು. ಪೊರಕೆ, ಬಲ್ಬು, ಫಿನಾಯಿಲ್ ಡಬ್ಬಗಳ ನಡುವೆ ಒಂಬತ್ತು ವರ್ಷ ಕೂತು ಅಲ್ಲಿಂದಲೇ ನಿವೃತ್ತಳಾದಳು. ಬೀಳ್ಕೊಡುಗೆಯಲ್ಲಿ ಯಾರೋ ಅವಳ ತ್ಯಾಗವನ್ನು ಕೊಂಡಾಡತೊಡಗಿದರು. ಅಕ್ಕ ಕುರ್ಚಿಯಿಂದಲೇ ತಡೆದಳು.

"ತ್ಯಾಗ ಗೀಗ ಏನೂ ಇಲ್ಲ ಕಣ್ರೀ. ನನ್ನ ಕೆಲಸ ಕಿತ್ಕೊಂಡ್ರು. ಕಿತ್ಕೊಂಡ್ರು ಅಂತಲೇ ಹೇಳಿ."