ಹಿಂದಕ್ಕೆ ಸರಿದ ಕಟ್ಟೆ

ಇವತ್ತು ಬೆಳಿಗ್ಗೆ ಎಣ್ಣೆಬಣ್ಣದ ವಾಸನೆಗೆ ಎಚ್ಚರವಾಯಿತು. ಮದುವೆ ಹತ್ತಿರವಿರುವ ಮನೆಗಳಿಂದ ಬರುವ ವಾಸನೆ ಅದು. ನನ್ನ ಮದುವೆಯ ಸುದ್ದಿಯನ್ನಂತೂ ಶಹಾಪುರದಲ್ಲಿ ಇನ್ನೂ ಯಾರೂ ಎತ್ತಿಲ್ಲ. ಹೊರಗೆ ಬಂದು ನೋಡಿದರೆ ಬಾಗಿಲ ಪಕ್ಕದ ಗೋಡೆಗೆ ಅಂಗೈ ಅಗಲದ ಕೆಂಪು ಗೀಟು. ಬಣ್ಣ ಇನ್ನೂ ಇಳಿಯುತ್ತಿತ್ತು. ಬಳಿದವರು ಆಗಲೇ ನಾಲ್ಕು ಮನೆ ದಾಟಿ ಹೋಗಿದ್ದರು. ರಸ್ತೆ ಮತ್ತೊಮ್ಮೆ ಅಗಲವಾಗುತ್ತದಂತೆ, ಈ ಸಲ ಗಟಾರಕ್ಕೂ ಫುಟ್‌ಪಾತಿಗೂ. ಪೇಪರಿನಲ್ಲಿ ಮೊನ್ನೆಯೇ ಬಂದಿತ್ತು. ನಾನೇ ಅದನ್ನು ಚಹಾದ ಅಂಗಡಿಯಲ್ಲಿ ಟಿವಿಯವರ ದನಿ ತೆಗೆದು ಓದಿ ಎಲ್ಲರನ್ನೂ ನಗಿಸಿದ್ದೆ. ಅದು ನಮ್ಮದೇ ಮನೆಯ ಸುದ್ದಿ ಎಂದು ತಿಳಿಯಲು ಮಾತ್ರ ಮೂಗೇ ಬೇಕಾಯಿತು.

ಗೀಟಿನ ಅರ್ಥ ಇಷ್ಟೇ: ಅದರ ಮುಂದಿರುವುದೆಲ್ಲ ಇನ್ನು ರಸ್ತೆಯದು. ನಮ್ಮಲ್ಲಿ ಅದರ ಮುಂದಿರುವುದು ದೊಡ್ಡವ್ವನ ಕಟ್ಟೆ.

ನೀವು ಸುರಪುರದ ಬಸ್ಸಿಗೆ ಕಾಯುತ್ತಿದ್ದೀರಿ ಎಂದುಕೊಳ್ಳಿ. ಬಿಸಿಲು ನೆತ್ತಿಯ ಮೇಲಿದೆ, ಕೈಯಲ್ಲಿ ಚೀಲವಿದೆ, ಬಸ್ಸು ಬರುವುದು ಡ್ರೈವರನ ಊಟದ ಮೇಲೆ ನಿಂತಿದೆ. ಉದ್ದಕ್ಕೂ ಅಂಗಡಿಗಳು, ಅಂಗಡಿಗಳ ಮುಂದೆ ಶಟರು, ಶಟರಿನ ಮುಂದೆ ಮೋಟರ್‌ಸೈಕಲ್ಲು. ಆ ಸಾಲಿನಲ್ಲಿ ಒಂದೇ ಒಂದು ಮನೆ ಮಾತ್ರ ಹಲ್ಲು ಬಿದ್ದ ಬಾಯಿಯ ಹಾಗೆ ಒಳಕ್ಕೆ ಸರಿದಿದೆ. ಆ ಸಂದಿನಲ್ಲಿ ಪರಸಿಕಲ್ಲು ಹಾಸಿದ ಕಟ್ಟೆ, ಮೂಲೆಯಲ್ಲಿ ನೀರಿನ ಗಡಿಗೆ. ಯಾರನ್ನೂ ಕೇಳಬೇಕಾಗಿಲ್ಲ, ಹೋಗಿ ಕೂತುಬಿಡಬಹುದು. ಗೋಗಿ ಕಡೆಗೆ ಹೋಗುವ ಆಟೋ ತುಂಬುವವರೆಗೆ ಕಾಯುವವರು, ಕೊಡೇಕಲ್ಲಿಗೆ ಹರಕೆ ತೀರಿಸಲು ಹೊರಟವರು, ಹೊಳೆಯ ಕಡೆಯಿಂದ ಮೀನು ತಂದು ಮಾರಿ ಖಾಲಿ ಬುಟ್ಟಿಯೊಂದಿಗೆ ಮರಳುವ ಹೆಂಗಸರು, ಎಲ್ಲರೂ ಅಲ್ಲೇ.

ಕೂರಲು ಬಾಡಿಗೆಯಿಲ್ಲ. ಆದರೆ ಉತ್ತರ ಕೊಡಬೇಕಾಗುತ್ತದೆ. ನೀವು ಕೂತು ಉಸಿರು ಬಿಡುವಷ್ಟರಲ್ಲಿ ಬಾಗಿಲಿನಿಂದ ದೊಡ್ಡವ್ವನ ದನಿ ಬರುತ್ತದೆ. "ಯಾವೂರ ಆತು? ಯಾರ ಪೈಕಿ? ಹೊಟ್ಯಾಗಿಂದು ಎಷ್ಟನೇದು? ಅಲ್ಲೆಲ್ಲಿ ಉಗುಳಾಕತ್ತೀಯೋ, ನಿನ್ನ ಕಟ್ಟೀನ ಅದು?" ನನ್ನ ತಾಯಿಯ ಅಕ್ಕ ಈಕೆ. ಹೀಗಾಗಿ ಆಕೆಯ ಔದಾರ್ಯದ ಬಗ್ಗೆ ಹೊರಗಿನವರು ಹೇಳುವುದನ್ನೆಲ್ಲ ನಾನು ಅರ್ಧಕ್ಕೆ ಇಳಿಸಿಕೊಂಡು ಕೇಳುತ್ತೇನೆ. ಮೂರು ತಾಲ್ಲೂಕಿನ ಬಸಿರು ಬಾಣಂತನ, ನಿಂತ ಮದುವೆ, ಒಡೆದ ಮನೆ, ಎಲ್ಲವೂ ಆ ಕಟ್ಟೆಯ ಮೇಲೇ ಆಕೆಗೆ ತಲುಪುತ್ತವೆ. ಟಿವಿ ತರೋಣವೆಂದು ದೊಡ್ಡಪ್ಪ ಒಮ್ಮೆ ಬಾಯಿಬಿಟ್ಟಾಗ, "ನನ್ನ ಕಟ್ಟಿಗಿ ಕರೆಂಟ್ ಬೇಕಾಗಂಗಿಲ್ಲ" ಎಂದು ಒಳಗೆ ಹೋಗಿದ್ದಳು.

ಇನ್ನು ನನ್ನ ವಿಷಯ. ಓದಿಕೊಳ್ಳಲಿ ಎಂದು ಗೋಗಿಯಾಚೆಯ ನಮ್ಮೂರಿನಿಂದ ನನ್ನನ್ನು ಈ ಮನೆಗೆ ಕಳಿಸಿದ್ದರು. ಓದು ನನ್ನನ್ನು ಬಿಟ್ಟಿತು, ನಾನು ಮನೆ ಬಿಡಲಿಲ್ಲ. ನನಗಿರುವ ವಿದ್ಯೆ ಒಂದೇ, ಇನ್ನೊಬ್ಬರ ದನಿ ತೆಗೆಯುವುದು. ಕಂಡಕ್ಟರು, ಮಾಸ್ತರು, ಮೈಕಿನ ಮುಂದೆ ಅಳುವ ಮುಖಂಡ, ಹೆಂಡತಿಯ ಎದುರು ಮಾತು ಮರೆಯುವ ದೊಡ್ಡಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಮಾಲಕನದೊಂದು ದನಿ ಇದ್ದೀತು, ಅದನ್ನು ನಾನು ಕೇಳಿದ್ದು ಕಡಿಮೆ. ಈಗ ಅದೇ ವಿದ್ಯೆಯಿಂದ ಹೊಟ್ಟೆ ಹೊರೆಯುತ್ತೇನೆ. ಯಾದಗಿರಿ ರಸ್ತೆಯಲ್ಲಿ ಪ್ಲಾಟ್ ಮಾರುವ ಮಲ್ಲಣ್ಣನ ಆಟೋ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತುವಾಗ, "ಬನ್ನಿ, ನಿಮ್ಮ ಕನಸಿನ ಮನೆಗೆ ಇಂದೇ ಬುನಾದಿ ಹಾಕಿ" ಎಂದು ಬೆಂಗಳೂರಿನವರ ಹಾಗೆ ಮೂಗಿನಲ್ಲಿ ಹೇಳುವುದು ನಾನೇ. ಆ ಲೇಔಟಿನಲ್ಲಿ ಮಕ್ಕಳ ಉದ್ಯಾನವಿದೆ ಎಂದೂ ಹೇಳುತ್ತೇನೆ. ಇದೆ. ಅದರ ಜೋಕಾಲಿಯ ಮೇಲೆ ಕಾವಲುಗಾರನ ಧೋತರ ಒಣಗುತ್ತದೆ.

ಮೊದಲ ಸಲ ಗೋಡೆಗೆ ಗೀಟು ಬಿದ್ದಾಗ ನಾನು ಪಿಯುಸಿ ಎರಡನೆಯ ವರ್ಷವನ್ನು ಎರಡನೆಯ ಸಲ ಓದುತ್ತಿದ್ದೆ. ಇಂಗ್ಲಿಷಿನಲ್ಲಿ ಹೋಗಿತ್ತು. ಇಂಗ್ಲಿಷ್ ಮಾಸ್ತರರ ದನಿ ತೆಗೆದರೆ ಅವರ ಮನೆಯವರೇ ಮೋಸ ಹೋಗುತ್ತಿದ್ದರು. ಪರೀಕ್ಷೆಯಲ್ಲಿ ದನಿಗೆ ಅಂಕವಿರಲಿಲ್ಲ. ಆಗ ಕಟ್ಟೆ ಈಗಿನ ರಸ್ತೆಯ ಡಾಂಬರು ಇರುವಲ್ಲಿತ್ತು. ಕಟ್ಟೆ ಹೋಗುತ್ತದೆ, ಅದರ ಹಿಂದಿನ ಗೋಡೆಯೂ ಹೋಗುತ್ತದೆ ಎಂದರು. ಸಾಲುಮನೆಯವರು ಎರಡು ದಿನ ಅತ್ತರು, ಮೂರನೆಯ ದಿನ ಶಟರಿನವನನ್ನು ಕರೆಸಿದರು. ರಸ್ತೆ ಮನೆ ಬಾಗಿಲಿಗೇ ಬಂದರೆ ಪಡಸಾಲೆ ಅಂಗಡಿಯಾಗುತ್ತದಲ್ಲ!

ಮಲ್ಲಣ್ಣ ನಮ್ಮ ಮನೆಗೆ ಬಂದದ್ದೂ ಆವಾಗಲೇ. ಆತ ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಾನೆ. ಮೊದಲನೆಯದು ಗೌರವಕ್ಕೆ, ಎರಡನೆಯದು ವ್ಯಾಪಾರಕ್ಕೆ.

"ಅಕ್ಕಾರ, ಫ್ರಂಟೇಜ್ ಅಂದ್ರ ಬಂಗಾರ ಅದ್ರಿ. ಎರಡ ಶಟರ್ ಹಚ್ಚ್ರಿ. ಒಂದು ಕಿರಾಯಿಗಿ ಕೊಡ್ರಿ, ಇನ್ನೊಂದ್ರಾಗ ಈ ಹುಡುಗ ಮೊಬೈಲ್ ಅಂಗಡಿ ಇಡ್ಲಿ. ಡೆವಲಪ್ಮೆಂಟ್ ಅಂದ್ರ ಇದ ನೋಡ್ರಿ."

ದೊಡ್ಡಪ್ಪ ಬಜಾರಿನಲ್ಲಿ ಬೇರೆಯವರ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವರು. ಸ್ವಂತ ಶಟರು ಎಂಬ ಮಾತಿಗೇ ಅವರ ಕಣ್ಣಲ್ಲಿ ದೀಪ ಹತ್ತಿತು. ನನ್ನದಂತೂ ಕೇಳಬೇಡಿ. ಅವತ್ತಿನಿಂದ ಪಡಸಾಲೆಯಲ್ಲಿ ನಿಂತು ನಾನೇ ಗಿರಾಕಿ, ನಾನೇ ಮಾಲಕ. "ಸ್ಕ್ರೀನ್ ಒಡದಾದ್ರಿ." "ಸಂಜಿಗಿ ಬರ್ರಿ." "ಸಂಜಿಗಿ ಅಂದ್ರ ಎಂದಿನ ಸಂಜಿಗ್ರಿ?" ಗಿರಾಕಿಗಿಂತ ಮಾಲಕ ಚೆನ್ನಾಗಿ ಬರುತ್ತಿದ್ದ. ದೊಡ್ಡವ್ವ ಮಾತ್ರ ಏನೂ ಅನ್ನಲಿಲ್ಲ. ಆಕೆ ಸುಮ್ಮನಿದ್ದುದನ್ನು ಒಪ್ಪಿಗೆ ಎಂದು ನಾವಿಬ್ಬರು ಗಂಡಸರು ತಿಳಿದುಕೊಂಡೆವು. ಈ ಮನೆಯಲ್ಲಿ ಅಷ್ಟು ವರ್ಷ ಉಂಡೂ ಆ ತಪ್ಪು ಮಾಡಿದೆವು ಎನ್ನುವುದೇ ಆಶ್ಚರ್ಯ.

ಜೆಸಿಬಿ ಬಂದು ಕಟ್ಟೆಯನ್ನೂ ಅದರ ಹಿಂದಿನ ಗೋಡೆಯನ್ನೂ ಕಿತ್ತು ಹೋಯಿತು. ಅದಕ್ಕೂ ಮುಂಚೆ ದೊಡ್ಡವ್ವ ಪರಸಿಕಲ್ಲುಗಳನ್ನೆಲ್ಲ ಎಬ್ಬಿಸಿ ಹಿತ್ತಲಲ್ಲಿ ಪೇರಿಸಿಟ್ಟಿದ್ದಳು. ಬಚ್ಚಲಿಗೆ ಆದಾವು ಅಂದುಕೊಂಡೆವು. ಮರುದಿನ ಮಧ್ಯಾಹ್ನ ಗೋಗಿಯ ಕಡೆಯ ಒಬ್ಬ ಹೆಂಗಸು ಮಗುವನ್ನು ದವಾಖಾನೆಗೆ ತೋರಿಸಿಕೊಂಡು ಬಂದಳು. ಮಗು ಹೆಗಲ ಮೇಲೆ ಮಲಗಿತ್ತು. ರಸ್ತೆಯ ಕಡೆ ಮುಖ ಮಾಡಿ ಆಟೋ ನೋಡುತ್ತಾ ಎರಡು ಹೆಜ್ಜೆ ಹಿಂದಕ್ಕೆ ಬಂದು, ತಿರುಗಿ ನೋಡದೆ ಕೂತಳು. ಕಟ್ಟೆ ಇರುತ್ತಿದ್ದ ಜಾಗದಲ್ಲಿ ಗಾಳಿಯಿತ್ತು. ಇಟ್ಟಂಗಿ ಚೂರಿನ ಮೇಲೆ ಕುಸಿದುಬಿದ್ದಳು. ಬಿದ್ದರೂ ಮಗುವನ್ನು ಮೇಲೆತ್ತಿ ಹಿಡಿದಿದ್ದಳು. ಮೊಣಕೈ ಒಡೆದಿತ್ತು. ಮೈಗೆ ಅಷ್ಟು ರೂಢಿ ಆ ಕಟ್ಟೆ. ದೊಡ್ಡವ್ವ ಓಡಿಹೋಗಿ ಎಬ್ಬಿಸಿ ನೀರು ಕೊಟ್ಟಳು. ಆವತ್ತು ಯಾವೂರು, ಯಾರ ಪೈಕಿ ಎಂದು ಒಂದು ಮಾತೂ ಕೇಳಲಿಲ್ಲ. ಅದನ್ನು ಕಂಡು ನನಗೆ ಹೆದರಿಕೆಯಾಯಿತು.

ಆ ವಾರವೇ ಗೌಂಡಿ ಹುಸೇನಪ್ಪ ಹಾರೆ ಹೆಗಲಿಗಿಟ್ಟುಕೊಂಡು ಬಂದ. ಶಟರಿಗೆ ಅಳತೆ ತೆಗೆಯಲು ಬಂದ ಎಂದು ನಾನು ಟೇಪು ಹುಡುಕತೊಡಗಿದೆ. ದೊಡ್ಡವ್ವ ಪಡಸಾಲೆಯ ನೆಲದ ಮೇಲೆ, ರಸ್ತೆಯ ಅಂಚಿಗೆ ಮುಖ ಮಾಡಿ ಚಕ್ಕಂಬಕ್ಕಳ ಹಾಕಿ ಕೂತಳು. ತೊಡೆಯ ಮೇಲೊಂದು ದಿಂಬು ಇಟ್ಟುಕೊಂಡಳು, ಅದು ಮಗು. ಬದಿಗೆ ಬುಟ್ಟಿ ಇಟ್ಟಳು. ಬೆನ್ನು ನೆಟ್ಟಗೆ ಮಾಡಿ, ಹಿಂದೆ ಕೈಯಾಡಿಸಿ ಸುಣ್ಣದ ಗೆರೆ ಎಳೆದಳು.

"ಇಲ್ಲಿ ತನ ಕಟ್ಟಿ, ಹುಸೇನಪ್ಪ. ಇಲ್ಲಿಂದ ಗ್ವಾಡಿ."

ದೊಡ್ಡಪ್ಪನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಅಲ್ಲ ನೋಡ, ಹಂಗಂದ್ರ ಪಡಸಾಲಿ?"

"ಅರ್ಧ ಉಳೀತಾದಲ್ರಿ."

"ರೋಡ್ ಮುಂದ ಬರಾಕತ್ತದ ಅಂತ ಮಂದಿ ಮನೀನ ಮುಂದ ತರಾಕತ್ತಾರ. ನೀ ಹಿಂದ ಒಯ್ಯಾಕತ್ತಿ. ಊರ ನಗತಾದ."

"ನಗಲಿ ಬಿಡ್ರಿ. ಕುಂತ ನಗಾಕ ಅವರಿಗೂ ಒಂದು ಕಟ್ಟಿ ಬೇಕಲ್ಲ."

ಹುಸೇನಪ್ಪ ನಕ್ಕ, ಹಾರೆ ಎತ್ತಿದ. ನನ್ನ ಮೊಬೈಲ್ ಅಂಗಡಿ ಗಿರಾಕಿ ಸಮೇತ ಆ ಸುಣ್ಣದ ಗೆರೆಯ ಮುಂದೆ ಉಳಿದುಹೋಯಿತು.

ಸಿಟ್ಟು ತೀರಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಗಂಟಲು. ಹೊಸ ಕಟ್ಟೆಯ ಮೇಲೆ ಬಸ್ಸಿಗೆ ಕಾಯುವವರು ತುಂಬಿದಾಗ ನಡುವೆ ಕೂತು ದೊಡ್ಡವ್ವನ ದನಿ ತೆಗೆದೆ. "ಯಾವೂರ ಆತು? ಯಾರ ಪೈಕಿ? ಉಗುಳಬ್ಯಾಡಂದ್ನಿಲ್ಲ!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಬಸ್ಸು ಬಂದರೂ ಏಳಲಿಲ್ಲ. ಹಿಂದಿನಿಂದ ದೊಡ್ಡವ್ವ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಭಾಡ್ಯಾ, ನನ್ನ ದನಿ ಇನ್ನ ಜೋರ ಅದ. ಮಾಡಿದ್ರ ಬರೋಬರಿ ಮಾಡು" ಎಂದಳು. ಆಮೇಲೆ, ಎಲ್ಲರೂ ಹೋದ ಮೇಲೆ, ಉಳಿದ ಅರ್ಧ ಪಡಸಾಲೆ ತೋರಿಸಿದಳು. "ಅಂಗಡಿ ಹೋತಂತ ಮಾರಿ ಊದಿಸ್ಕೋಬ್ಯಾಡ. ಈ ಕೋಲಿ ನಿಂದು."

ಕೋಲಿಯೆಂದರೆ ಕೋಲಿ. ಮಂಚ ಹಾಕಿದರೆ ನಿಲ್ಲಲು ಜಾಗವಿಲ್ಲ, ನಿಂತರೆ ಮಂಚಕ್ಕೆ ಜಾಗವಿಲ್ಲ. ಆದರೂ ಹುಟ್ಟಿದಾಗಿನಿಂದ ನನ್ನದು ಅಂತ ಬಾಗಿಲು ಹಾಕಿಕೊಂಡ ಮೊದಲ ಜಾಗ ಅದು. ಗೋಡೆಯ ಆಚೆ ಜನ ಕೂತಿರುತ್ತಾರೆ. ಈಚೆ ಮಲಗಿ ನಾನು ಅವರ ದನಿಗಳನ್ನು ಕಲಿಯುತ್ತೇನೆ. ಒಂದು ಸಲ ಕೊಡೇಕಲ್ಲಿನಿಂದ ಬಂದ ಮುದುಕನೊಬ್ಬನ ಗೊರಕೆಯನ್ನೂ ಕಲಿತೆ.

ಇಂದಿನ ಗೀಟಿಗೆ ಸಿಕ್ಕಿರುವುದು ಈ ಕಟ್ಟೆ. ಅದು ಉಳಿಯಬೇಕಾದರೆ ಈ ಕೋಲಿ ಹೋಗಬೇಕು. ಅದರ ಹಿಂದೆ ಅಡಿಗೆಮನೆ, ಆಮೇಲೆ ಹಿತ್ತಲು, ಅಷ್ಟೇ.

ದೊಡ್ಡವ್ವ ಗೀಟು ನೋಡಿದಳು. "ನಡಿಯೋರಿಗಿ ಫುಟ್‌ಪಾತ್ ಮಾಡಾಕತ್ತಾರ, ಚಲೋ ಆತು. ಕುಂದ್ರೋರ್ದು ಯಾರ ನೆಪ್ಪ ಮಾಡ್ಯಾರ?" ಅಂದಳು. ಹುಸೇನಪ್ಪನಿಗೆ ಹೇಳಿಕಳಿಸುತ್ತಾಳೆಂದು ಕಾದೆ. ಆಕೆ ನನ್ನ ಕೋಲಿಯ ಬಾಗಿಲ ತನಕ ಬಂದಳು, ಒಳಗಿನ ಮಂಚ ನೋಡಿದಳು, ಹಿಂದೆ ತಿರುಗಿದಳು.

"ಈ ಸಲ ಬ್ಯಾಡ ಬಿಡು. ನಾಳಿ ನಿನಗೊಬ್ಬಾಕಿ ಬರಾಕಿ. ಆಕಿನ್ನ ಎಲ್ಲಿ ಇಡ್ತಿ? ಮಂದಿ ನಿಂತ್ರ ನಿಲ್ಲಲಿ."

ಜೆಸಿಬಿಗೆ ಬಗ್ಗದ ಹೆಂಗಸು ನನ್ನ ಹಳೆಯ ಮಂಚಕ್ಕೆ ಬಗ್ಗಿದ್ದಳು. ಅಷ್ಟರಲ್ಲಿ ಮಲ್ಲಣ್ಣನ ಫೋನು ಬಂತು. ಎರಡು ಕೆಮ್ಮಾದವು. "ಏನ್ ತಮ್ಮಾ, ಗೀಟು ಬಿತ್ತಂತಲ್ಲ. ಈ ಸಲರ ಶಟರ್ ಹಚ್ಚೂಣೇನು? ನೀನ ಮಾಲಕ."

"ಇಲ್ಲಣ್ಣಾ. ಕಟ್ಟೀನ ಕಟ್ಟಾಂವ ಇದ್ದೀನಿ. ಶಟರಿನ ಮಾತು ಇನ್ನ ಮ್ಯಾಲ ತೆಗೀಬ್ಯಾಡ."

ಮಲ್ಲಣ್ಣ ಬಿದ್ದು ಬಿದ್ದು ನಕ್ಕ. "ವ್ಹಾ! ಹುಬೇಹೂಬ್ ನಿಮ್ಮ ದೊಡ್ಡವ್ವ! ಇನ್ನೊಮ್ಮಿ ಅನ್ನು."

ನಾನು ಯಾರ ದನಿಯನ್ನೂ ತೆಗೆದಿರಲಿಲ್ಲ. ಆದರೂ ಇನ್ನೊಮ್ಮೆ ಅಂದೆ. ಈ ಸಲ ಅವನು ನಗಲಿಲ್ಲ. ನಾಳೆ ಅವನ ಆಟೋದಲ್ಲಿ ನನ್ನ ದನಿ ಇರುತ್ತದೋ ಇಲ್ಲವೋ, ನೋಡಬೇಕು.

ಹುಸೇನಪ್ಪನಿಗೆ ಫೋನು ಮಾಡಿ ನಾಳೆ ಬಾ ಎಂದೆ. ಮಂಚದ ನಾಲ್ಕು ಕಾಲು ಬಿಚ್ಚಿ ಅಡಿಗೆಮನೆಯ ಗೋಡೆಗುಂಟ ಹಾಕಿ ಮತ್ತೆ ಜೋಡಿಸಿದೆ. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತಲಿಲ್ಲ, ಬಡಿತ ಮಾತ್ರ ಜೋರಾಯಿತು.

"ಯಾರ ಹೇಳ್ಯಾರ ನಿನಗ ಇದನ್ನೆಲ್ಲಾ ಮಾಡಾಕ?"

"ಯಾರೂ ಇಲ್ಲ."

"ಹೊತ್ತು ಹೊಂಡೂಕಿಂತ ಮುಂಚೆ ಈ ರೊಟ್ಟಿ ಸಪ್ಪಳ ಸುರುವಾಗ್ತಾದ. ನಿದ್ದಿ ಹತ್ತಂಗಿಲ್ಲ."

"ಗೊತ್ತದ."

"ಬರಾಕಿಗಿ ಏನ್ ಹೇಳ್ತಿ?"

"ಯಾವೂರು, ಯಾರ ಪೈಕಿ ಅಂತ ಮೊದಲ ನೀ ಕೇಳೇ ಕೇಳ್ತಿ. ಆವಾಗ ಇದನ್ನೂ ಹೇಳಿಬಿಡು."

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡದೆಯೇ ಅಂದಳು:

"ತಲಿ ಆ ಕಡಿ ಮಾಡ್ಕೊಂಡು ಮಲಗು. ಈ ಕಡಿ ಹೊಗಿ ಬರತಾದ."

ದಿಂಬನ್ನು ಎತ್ತಿ ಆ ಕಡೆಗೆ ಹಾಕಿದೆ.